ಹೂಂಗುಟ್ಟಿದ್ದು ಒಪ್ಪಿಗೆಯಲ್ಲ

ಕೇಳದೆ ಕ್ಯಾಮೆರಾ ಒತ್ತುವುದು ಫೋಟೋ ಮಾವನ ಜಾಯಮಾನದಲ್ಲೇ ಇಲ್ಲ. ಪಾಸ್‌ಪೋರ್ಟ್ ಫೋಟೋಗೆ ಬಂದ ಹಸುಗೂಸನ್ನೂ "ತೆಗೀಲಾ?" ಎಂದು ಕೇಳುತ್ತಾರೆ, ಅದು ಅತ್ತರೆ "ಇವತ್ತು ಅದಕ್ಕೆ ಮನಸ್ಸಿಲ್ಲ, ನಾಳೆ ಬನ್ನಿ" ಎಂದು ತಾಯಿಯನ್ನು ವಾಪಸು ಕಳಿಸುತ್ತಾರೆ. ಅವರು ತೆಗೆದ ಮುಖಗಳಲ್ಲೆಲ್ಲ ಇಸ್ತ್ರಿ ಅಂಗಡಿಯ ಅಕ್ಕನದೇ ಶ್ರೇಷ್ಠ. ಅದನ್ನು ಇಂಟರ್ನೆಟ್ಟಿನಲ್ಲಿ ಕೊಂಡವರೇ ಒಡೆಯರಾಗುವ ಡಿಜಿಟಲ್ ಸಂಗ್ರಹವಸ್ತುವಾಗಿ ಮಾರೋಣವೆಂದು ಮಾವನ ತಂಗಿಯ ಮಗ ದುಂಬಾಲು ಬಿದ್ದ: "ಫೋಟೋ ತೆಗೆದಾಗಿನ ಒಪ್ಪಿಗೆ ಪತ್ರದಲ್ಲಿ ಅವರ ಸಹಿ ಇದೆ ಮಾವ, ಕಾನೂನಿಗೆ ಅಷ್ಟು ಸಾಕು." ಮಾವ ಅಕ್ಕನಿಗೆ ಎಲ್ಲ ವಿವರಿಸಿ ಬಂದರು. "ಬರೀ ಹೂಂಗುಟ್ಟಿದಳು ಕಣೋ, ಒಪ್ಪಲಿಲ್ಲ." "ಹೂಂ ಅಂದ್ರೆ ಒಪ್ಪಿಗೆ ತಾನೆ?" "ಕಥೆ ಕೇಳ್ತಿರೋ ಮಗು, ರಾಕ್ಷಸ ಬಂದ ಅಂದ್ರೂ ಹೂಂ ಅನ್ನುತ್ತೆ. ಬರಲಿ ಅಂತಾನಾ?" ಎಂದು ಮತ್ತೆ ಹೋದರು. ಈ ಸಲ ಅಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, "ಅಣ್ಣಾ, ಮಾರಿದ್ಮೇಲೆ ನಾನು ಯಾರ ಮನೇಲಿರ್ತೀನಿ?" ಎಂದು ಕೇಳಿದಳು. "ಗೊತ್ತಿಲ್ಲಮ್ಮ. ಒಬ್ಬರಿಂದ ಒಬ್ಬರಿಗೆ ಮಾರ್ಕೊಂಡು ಹೋಗ್ತಾರೆ. ವಾಪಸ್ ತರೋಕೆ ನನ್ನಿಂದಾಗಲ್ಲ." "ಹಾಗಾದ್ರೆ ಬೇಡಣ್ಣ." ಮಾವ ಸ್ಟುಡಿಯೋಗೆ ಮರಳಿ ಕಂಪ್ಯೂಟರಿನ ಮುಂದೆ ಕುಳಿತರು. "ಇಂಥ ಮುಖ ಇನ್ನೊಂದು ಸಿಗಲ್ಲ ಮಾವ" ಎಂದು ಹುಡುಗ ಕೈ ಹಿಸುಕಿಕೊಂಡ. "ಅವಳಿಗೂ ಇನ್ನೊಂದಿಲ್ಲ ಕಣೋ" ಎನ್ನುತ್ತ ಮಾವ ಚಿತ್ರವನ್ನು ಅಳಿಸಿದರು.