‘ಬಾಡಿ ರೆಡಿ ಐತೆ’

ಕುಣಿಗಲ್‌ನಿಂದ ಗುಬ್ಬಿಯ ಮನೆಗೆ ಬಂದಾಗ ಅಮ್ಮ ನಡುಮನೆಯ ನೆಲದ ಮೇಲೆ ಕುಸಿದು ಕುಳಿತಿದ್ದಳು. ಫೋನಿನ ರಿಸೀವರ್ ಜೋತಾಡುತ್ತಿತ್ತು. ನನ್ನನ್ನು ಕಂಡವಳೇ ಮುಖ, ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು.

ತುಮಕೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಬಾಷಣ್ಣ ಫೋನ್ ಮಾಡಿದ್ದರಂತೆ: “ಅಮ್ಮಾ, ನಿಮ್ ಹುಡುಗನ ಬಾಡಿ ರೆಡಿ ಐತೆ. ಬಂದು ತಗೊಂಡೋಗಿ.”

ನನ್ನ ಎಲೆಕ್ಟ್ರಿಕ್ ಗಿಟಾರನ್ನು ಅವರ ಶೆಡ್ಡಿನಲ್ಲಿ ಬಿಟ್ಟಿದ್ದೆ. ಮೇಲಿನ ಕಪ್ಪು ಬಣ್ಣ ಒಣಗುತ್ತಾ ಬಿರುಕು ಬಿಟ್ಟು ಒಳಗಿನ ಕೆಂಪು ಕಾಣಬೇಕು, ಹಾಗೆ ಪೇಂಟ್ ಮಾಡಿಕೊಡಿ ಎಂದು ಕೇಳಿದ್ದೆ. ಶೆಡ್ಡಿನಲ್ಲಿ ಲಾರಿಯದೂ ಬಾಡಿ, ಗಿಟಾರಿನದೂ ಬಾಡಿ. ಅಮ್ಮನಿಗೆ ಗೊತ್ತಿದ್ದದ್ದು ಹೆಣ ಎಂಬ ಅರ್ಥ ಮಾತ್ರ.

ವಿಷಯ ತಿಳಿದ ಬಾಷಣ್ಣ ಮಾರನೇ ದಿನ ತಾವೇ ಬಸ್ಸಿನಲ್ಲಿ ಗಿಟಾರ್ ತಂದರು. ಅಮ್ಮನ ಎದುರು ಅವರಿಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಆ ಕೆಂಪು ಬಿರುಕುಗಳ ಮೇಲೆ ಬೆರಳಾಡಿಸಿ, “ಇದೇನಾ ಬಾಡಿ?” ಎಂದು ಕೇಳಿ ಜೋರಾಗಿ ಅತ್ತಳು.

ನಾನು ಗಿಟಾರ್ ಹೆಗಲಿಗೇರಿಸಿದರೆ ಮುಖ ತಿರುಗಿಸುತ್ತಿದ್ದ ಅಮ್ಮ, ಅಂದಿನಿಂದ ಬಾಗಿಲವರೆಗೂ ಬರುತ್ತಾಳೆ. ಎಲ್ಲರಂತೆ ‘ಹೋಗಿ ಬಾ’ ಎನ್ನುವುದಿಲ್ಲ. ‘ಬಾ’ ಎಂದಷ್ಟೇ ಅನ್ನುತ್ತಾಳೆ.