ಹಲಗೆಯ ಮೇಲೆ ಹೆಸರಿಲ್ಲದ ಮಾತು

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಗೋಡೆಗೆ ಯುವಕ ಸಂಘದವರು ಒಂದು ಕರಿಹಲಗೆ ಹೊಡೆದಿದ್ದರು. ಯಾರು ಬೇಕಾದರೂ ಸೀಮೆಸುಣ್ಣದಲ್ಲಿ ಬರೆಯಬಹುದು, ಓದಿದವರು ಕೆಳಗೆ ಉತ್ತರ ಕೊಡಬಹುದು. ಹೊಸನಗರದ ಬಸ್ಸು ಯಾಕೆ ತಡ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಸೀಮೆಎಣ್ಣೆ ಯಾವಾಗ ಬರುತ್ತದೆ, ಇಂಥವೇ ಅಲ್ಲಿ ಹೆಚ್ಚು. ಬಸ್ಸಿಗೆ ಕಾಯುವವರಿಗೆ ಅದನ್ನು ಓದುವುದೊಂದು ಚಟವಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಒಂದು ಸಂತೆಯ ಬೆಳಿಗ್ಗೆ, ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ನರ್ಸಮ್ಮ ಮಕ್ಕಳಿಗೆ ಹಾಕುವುದು ಆಪರೇಷನ್ ಸೂಜಿ. ಮುಂದೆ ಅವಕ್ಕೆ ಮಕ್ಕಳಾಗುವುದಿಲ್ಲ. ಹುಷಾರು.’ ಕೆಳಗೆ ಹೆಸರಿರಲಿಲ್ಲ.

ನರ್ಸಮ್ಮ ಅಂದರೆ ಯಮುನಮ್ಮ. ಸಾಗರದ ಕಡೆಯವಳು. ಗಂಡ ಸತ್ತ ಮೇಲೆ ತರಬೇತಿ ಮುಗಿಸಿ ಸರ್ಕಾರಿ ಕೆಲಸ ಹಿಡಿದಿದ್ದಳು. ವಿಶಾಲಮ್ಮನ ಮನೆಯ ಹೊರಕೋಣೆಯಲ್ಲಿ ಒಬ್ಬಳೇ ಬಾಡಿಗೆಗಿದ್ದು, ಔಷಧಿ ಪೆಟ್ಟಿಗೆ ಹೊತ್ತು ಸುತ್ತಲ ಕೇರಿಗಳಿಗೆ ನಡೆದು ಹೋಗುತ್ತಿದ್ದಳು. ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ ತುರ್ತು ಪರಿಸ್ಥಿತಿ ಮುಗಿದು ವರ್ಷ ಕಳೆದಿದ್ದರೂ ಜೀಪಿನ ಸದ್ದು ಕೇಳಿದರೆ ಗಂಡಸರು ಗದ್ದೆಯಿಂದ ಕಾಡಿಗೆ ಓಡುವ ಕಾಲ ಅದು. ಹಲಗೆಯ ಮಾತನ್ನು ನಂಬಲು ಜನರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಯಮುನಮ್ಮ ಅದನ್ನು ಎರಡೆರಡು ಸಲ ಓದಿದಳು. ಸಂಜೆಯೊಳಗೆ ಅದರ ಕೆಳಗೆ ಬೇರೆ ಬೇರೆ ಕೈಬರಹಗಳು ಕೂಡಿಕೊಂಡವು. ನಮ್ಮ ಕಡೆಯೂ ಹೀಗೇ ಕೇಳಿದ್ದೇವೆ ಎಂದು ಒಬ್ಬ. ಒದ್ದು ಓಡಿಸಿ ಎಂದು ಇನ್ನೊಬ್ಬ. ವಿಧವೆ ಒಬ್ಬಳೇ ಇರುವುದು ಯಾಕೆ ಎಂದು ಮತ್ತೊಬ್ಬ. ಯಾವುದಕ್ಕೂ ಹೆಸರಿಲ್ಲ. ಅಂಗಡಿಯಲ್ಲಿ ಸಕ್ಕರೆ ಕಟ್ಟಿಕೊಟ್ಟವನೇ ಬರೆದನೋ, ಬಸ್ಸಿನಲ್ಲಿ ಪಕ್ಕ ಕೂತವಳೋ? ಎದುರಿಗೆ ಬಂದ ಪ್ರತಿ ಮುಖವನ್ನೂ ಅವಳು ಹೆದರಿ ನೋಡತೊಡಗಿದಳು.

ಮರುದಿನ ಕೇರಿಗೆ ಹೋದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಿಂತಿರುಗುವಾಗ ಬೇಲಿಯಾಚೆಯಿಂದ ಬಂದ ಕಲ್ಲು ಪೆಟ್ಟಿಗೆಗೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ. ರಸ್ತೆ ಸಿಗುವವರೆಗೂ ಓಡಿದಳು.

ಸ್ವಲ್ಪ ದಿನ ಸಾಗರಕ್ಕೆ ಹೋಗಿರು ಎಂದಳು ವಿಶಾಲಮ್ಮ. ಸಂಘದ ಕಾರ್ಯದರ್ಶಿ, ಸೈಕಲ್ ಶಾಪಿನ ಗಜಾನನ, ಹಲಗೆ ಒರೆಸಿಬಿಡುತ್ತೇನೆಂದ.

"ಒರೆಸ್ಬೇಡಿ ಗಜಣ್ಣ," ಎಂದಳು ಯಮುನಮ್ಮ. "ಒರೆಸಿದ್ರೆ ನಿಜ ಇತ್ತು, ಅದ್ಕೇ ಒರೆಸಿದ್ರು ಅಂತಾರೆ. ನಾನೂ ಬರೀತೀನಿ."

ಹಾಡಹಗಲೇ ಹೋದಳು. ಬಸ್ಸಿಗೆ ನಿಂತಿದ್ದವರು ಬದಿಗೆ ಸರಿದರು. ಮೊದಲು ಸಿಟ್ಟಿನಲ್ಲಿ ‘ಸುಳ್ಳು ಬೊಗಳುವ ಹೇಡಿ’ ಎಂದು ಬರೆದಳು. ನೋಡಿದರೆ ಅದೂ ಮೇಲಿನ ಸಾಲುಗಳ ಹಾಗೆಯೇ ಕಂಡಿತು. ಸೆರಗಿನಿಂದ ಒರೆಸಿ, ಮತ್ತೆ ಬರೆದಳು: ‘ಇದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬಾರದಿರಲೆಂದು ಹಾಕುವ ಸೂಜಿ. ಕೆಲವು ಮಕ್ಕಳಿಗೆ ಜ್ವರ, ಬಾವು ಬರುವುದುಂಟು. ಬರೆದವರ ಮಗುವಿಗೆ ಹಾಗೆ ಆಗಿದ್ದರೆ ದಯವಿಟ್ಟು ತೋರಿಸಿ. ವಿಶಾಲಮ್ಮನವರ ಮನೆಯಲ್ಲಿರುತ್ತೇನೆ. ಯಮುನಮ್ಮ.’

ಮನೆಗೆ ಬಂದ ಮೇಲೆ ಹೊಸ ಭಯ ಹಿಡಿಯಿತು. ತಾನಿರುವ ಜಾಗವನ್ನು ತಾನೇ ಊರಿಗೆಲ್ಲ ಹೇಳಿ ಬಂದಿದ್ದಳು!

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಒಬ್ಬ ಗಂಡಸು ನಿಂತಿದ್ದ. ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡಿದ್ದ. ಯಮುನಮ್ಮ ಅರ್ಧ ಮುಚ್ಚಿದ ಬಾಗಿಲ ಹಿಂದೆ ಅಗುಳಿ ಹಿಡಿದೇ ನಿಂತಳು.

"ಬರೆದಿದ್ದು ನಾನೇ," ಎಂದ ಅವನು. "ಮಗೂಗೆ ತೊಡೆ ಊದ್ಕಂಡಿದೆ. ಮುಟ್ಟಕ್ಕೆ ಬಿಡಲ್ಲ."

ಕೇರಿಯ ಮಂಜುನಾಥಪ್ಪ ಅವನು. ಬೇಲಿಯ ಹೊರಗೆ ಹೆಂಡತಿ ಪುಷ್ಪಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವನೂ ತನ್ನಷ್ಟೇ ಹೆದರಿದ್ದಾನೆಂದು ಯಮುನಮ್ಮನಿಗೆ ಆಗ ಗೊತ್ತಾಯಿತು. ಸೂಜಿ ಚುಚ್ಚಿದ ಕಡೆ ಕೀವು ತುಂಬಿ ಮಗುವಿನ ಮೈ ಸುಡುತ್ತಿತ್ತು. ಹೊಸನಗರದ ಬಸ್ಸು ಹತ್ತಿ ಮೂವರೂ ಮಗುವನ್ನು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಯಮುನಮ್ಮ ಮಗುವಿನ ಉಸಿರನ್ನೇ ನೋಡುತ್ತಿದ್ದಳು. ಇದಕ್ಕೇನಾದರೂ ಆದರೆ ಹಲಗೆ ಹೇಳಿದ್ದೇ ಸತ್ಯವಾಗುತ್ತದೆ. ಡಾಕ್ಟರು ಕೊಯ್ದು ಕೀವು ತೆಗೆದರು. ಮೂರನೆಯ ದಿನ ಜ್ವರ ಬಿಟ್ಟಿತು.

ಮಂಜುನಾಥಪ್ಪ ಊರಿಗೆ ಬಂದವನೇ ತನ್ನ ಮಾತಿನ ಕೆಳಗೆ ಹೆಸರು ಹಾಕಿ, ‘ವಿಚಾರಿಸದೆ ಬರೆದೆ, ತಪ್ಪಾಯಿತು’ ಎಂದು ಸೇರಿಸಿದ. ಅದೇ ಸಂಜೆ ಹೆಸರಿಲ್ಲದವರು ಹಲಗೆಯಲ್ಲೇ ಅವನ ಮೇಲೆ ಬಿದ್ದರು. ಕುಡುಕ ಎಂದರು, ಅವನ ತಾಯಿಯನ್ನೂ ಎಳೆದು ತಂದರು. ಯಮುನಮ್ಮ ನಿಂತು ಎಲ್ಲವನ್ನೂ ಓದಿದಳು. ಮೊನ್ನೆ ತನ್ನನ್ನು ಒದ್ದು ಓಡಿಸಿ ಎಂದ ಕೈಬರಹವೂ ಅದರಲ್ಲಿತ್ತು. ಗಜಾನನನನ್ನು ಕರೆತಂದು ಬೈಗುಳಗಳನ್ನು ಮಾತ್ರ ಒರೆಸಿಸಿದಳು. ಪ್ರಶ್ನೆ, ಉತ್ತರ, ತಪ್ಪೊಪ್ಪಿಗೆ ಎಲ್ಲ ಹಾಗೇ ಉಳಿದವು. ವಾರದೊಳಗೆ ಗಜಾನನ ಹಲಗೆಯ ನೆತ್ತಿಗೆ ಬಿಳಿ ಬಣ್ಣದಲ್ಲಿ ಬರೆಸಿದ: ‘ಹೆಸರು ಹಾಕಿ ಬರೆಯಿರಿ. ವಿಚಾರಿಸಿ ಬರೆಯಿರಿ. ವಿಷಯಕ್ಕೆ ಉತ್ತರ ಕೊಡಿ, ಮನುಷ್ಯನನ್ನು ಬಯ್ಯಬೇಡಿ.’ ಬರೆಯುವವರು ಅರ್ಧಕ್ಕರ್ಧ ಕಡಿಮೆಯಾದರು.

ಯಮುನಮ್ಮ ಮತ್ತೆ ಕೇರಿಗೆ ಹೋಗಲು ಧೈರ್ಯ ಮಾಡಿದ್ದು ಪುಷ್ಪಮ್ಮ ಜೊತೆಗೆ ಬರುತ್ತೇನೆಂದ ಮೇಲೆ. ಮೊದಲ ಮನೆಯ ಬಾಗಿಲು ಬೆರಳಷ್ಟೇ ತೆರೆಯಿತು. ಒಳಗಿನಿಂದ ಹೆಂಗಸೊಬ್ಬಳು ಸೂಜಿ ಹಾಕಿದರೆ ಜ್ವರ ಬರುತ್ತದಾ ಎಂದು ಕೇಳಿದಳು.

ಇಲ್ಲ ಎಂದುಬಿಡುವುದು ಸುಲಭವಿತ್ತು.

"ಬರಬೌದು ಅಮ್ಮಾ," ಎಂದಳು ಯಮುನಮ್ಮ. "ಬಂದ್ರೆ ಹೇಳಿ ಕಳ್ಸಿ, ನಾನೇ ಬರ್ತೀನಿ."

ಒಳಗೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಆ ಹೆಂಗಸು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು.