ಭೀಮರಾಜರು ನಿಂತ ಮೂರು ಚುನಾವಣೆ

ಹರಪನಹಳ್ಳಿ ತಾಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಭೀಮರಾಜರನ್ನು ಸುತ್ತಲ ಹಳ್ಳಿಯವರೆಲ್ಲ ಬಲ್ಲವರಾಗಿದ್ದರು. ವಿಧವಾ ವೇತನ, ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಯಾವುದಕ್ಕೆ ಅರ್ಜಿ ಬೇಕಾದರೂ ಮೊದಲು ಅವರ ಹತ್ತಿರವೇ ಬರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು ಅಲ್ಲಿ ಕುಳಿತವರು ಇಪ್ಪತ್ತು ವರ್ಷ ಜಾಗ ಬದಲಿಸಲಿಲ್ಲ. ಶಾಸಕರಿಗೆ ಬರೆದುಕೊಟ್ಟ ಮನವಿಗಳೇ ನೂರಾರು. ಉತ್ತರ ಬಂದದ್ದು ಬಹಳ ಕಡಿಮೆ.

ತೊಂಬತ್ತಾರರಲ್ಲಿ ಕೇರಿಯ ಜನ ಅವರನ್ನು ಪುರಸಭೆಗೆ ನಿಲ್ಲಿಸಿ ಗೆಲ್ಲಿಸಿದರು. ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಭೀಮರಾಜರು ಕೇರಿಗೆ ನಲ್ಲಿ ತಂದರು. ಮೊದಲ ದಿನ ನೀರು ಬಂದಾಗ ಹೆಂಗಸರು ಕೊಡ ತುಂಬುವುದನ್ನು ಬಿಟ್ಟು ಅವರನ್ನೇ ನೋಡುತ್ತ ನಿಂತರಂತೆ. ‘ಆ ನೋಟಾನ ಇವ್ರ ತಲಿಗಿ ಹತ್ತಿದ್ದು’ ಎಂದು ಹೆಂಡತಿ ಸುಮಂಗಲಾ ಆಮೇಲೆ ಹೇಳುತ್ತಿದ್ದರು. ಸುಮಂಗಲಾ ನೀಲಗುಂದದ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಕ್ಕಳಿರಲಿಲ್ಲ.

ಹರಪನಹಳ್ಳಿ ಆಗ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ತೊಂಬತ್ತೊಂಬತ್ತರಲ್ಲಿ ಭೀಮರಾಜರು ಪಕ್ಷದ ಟಿಕೆಟು ಕೇಳಿದರು. ದೊಡ್ಡವರು ಬೆನ್ನು ತಟ್ಟಿ, ‘ಇನ್ನೂ ಟೈಮ್ ಐತಿ, ತಡಿ’ ಅಂದರು. ಅವರು ತಡೆಯಲಿಲ್ಲ, ಪಕ್ಷೇತರರಾಗಿ ನಿಂತರು. ಗುರುತು ಹೊಲಿಗೆ ಯಂತ್ರ. ಬಾಡಿಗೆ ಆಟೋಕ್ಕೆ ಮೈಕು ಕಟ್ಟಿಸಿ ಹಳ್ಳಿ ಹಳ್ಳಿ ತಿರುಗಿದರು. ತಾವು ಅರ್ಜಿ ಬರೆದುಕೊಟ್ಟವರ ಹೆಸರು ನೆನಪಿಟ್ಟುಕೊಂಡು ಮನೆ ಬಾಗಿಲಿಗೆ ಹೋದರು. ಸೋತರೂ ಮೂರು ಸಾವಿರ ಚಿಲ್ಲರೆ ಮತ ಬಂದವು. ಹಣವಿಲ್ಲದ ಮನುಷ್ಯನಿಗೆ ಅದು ಕಡಿಮೆಯಲ್ಲ ಎಂದು ಜನ ಮಾತಾಡಿಕೊಂಡರು.

ಆದರೆ ಪ್ರಚಾರದ ಒಂದು ಸಂಜೆ ಸುಮಂಗಲಾ ಗಂಡನ ಜೊತೆ ಕೇರಿಯಲ್ಲಿ ನಾಲ್ಕು ಮನೆಗೆ ಹೋಗಿದ್ದರು. ಅದನ್ನು ಕಂಡ ಯಾರೋ ಮೂಗರ್ಜಿ ಬರೆದರು. ಸರ್ಕಾರಿ ನೌಕರಳು ಮತ ಕೇಳಿದಳೆಂದು ಮೇಲಿನಿಂದ ನೋಟಿಸು ಬಂತು. ಅದಕ್ಕೆ ಉತ್ತರ ಟೈಪ್ ಮಾಡಿದವರು ಭೀಮರಾಜರೇ. ‘ನನ್ನ ಪತಿಯ ರಾಜಕೀಯ ಚಟುವಟಿಕೆಗಳಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ’ ಎಂಬ ಸಾಲನ್ನು ಅವರು ಎರಡು ಸಲ ಓದಿದರು. ಸುಮಂಗಲಾ ಓದದೆ ರುಜು ಹಾಕಿದರು. ನೌಕರಿ ಉಳಿಯಿತು, ಆದರೆ ಆಕೆಯ ಎದೆಯೊಳಗೆ ಅಂಜಿಕೆ ಹೊಕ್ಕಿತು.

ಎರಡು ಸಾವಿರದ ನಾಲ್ಕರಲ್ಲಿ ಭೀಮರಾಜರು ಮತ್ತೆ ನಿಂತರು. ಈ ಸಲ ಹೊಲಿಗೆ ಯಂತ್ರ ಸಿಗಲಿಲ್ಲ. ಹುಲುಗಣ್ಣ ಎಂಬ ಇನ್ನೊಬ್ಬ ಪಕ್ಷೇತರನಿಗೂ ಅದೇ ಬೇಕಿತ್ತು. ಚೀಟಿ ಎತ್ತಿದಾಗ ಅದು ಅವನ ಪಾಲಾಯಿತು. ಭೀಮರಾಜರಿಗೆ ಸಿಕ್ಕಿದ್ದು ಫ್ಯಾನು. ಹುಲುಗಣ್ಣ ನಾಮಪತ್ರ ಹಾಕಿದವನು ಮತ್ತೆ ಎಲ್ಲೂ ಕಾಣಿಸಲಿಲ್ಲ. ಭೀಮರಾಜರು ಮಾತ್ರ ಬಿಸಿಲಲ್ಲಿ ಗಂಟಲು ಕಟ್ಟುವವರೆಗೂ ‘ಫ್ಯಾನಿನ ಗುರ್ತಿಗೆ ಬಟನ್ ಒತ್ರಿ’ ಎಂದು ಕೂಗಿದರು. ನೀಲಗುಂದಕ್ಕೂ ಹೋದರು. ಆಟೋದ ಸದ್ದು ಕೇಳಿ ಉಪಕೇಂದ್ರದ ಬಾಗಿಲಿಗೆ ಬಂದ ಸುಮಂಗಲಾ, ಗಂಡ ಮೈಕಿನಲ್ಲಿ ‘ತಾಯಂದಿರೇ’ ಎಂದು ಶುರು ಮಾಡುತ್ತಿದ್ದಂತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮತದಾನದ ದಿನ ಹೆರಿಗೆಯೊಂದಿತ್ತೆಂದು ಸುಮಂಗಲಾ ನೀಲಗುಂದದಲ್ಲೇ ಇದ್ದರು. ಪಕ್ಕದ ಶಾಲೆಯಲ್ಲೇ ಮತಗಟ್ಟೆ. ಓಟು ಹಾಕಲು ಹೊರಟಿದ್ದ ಮುದುಕಿ ಪಕ್ಕೀರಮ್ಮ, ಹಿಂದೆ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಉಪಕೇಂದ್ರದ ಕಟ್ಟೆಯ ಹತ್ತಿರ ನಿಂತಳು.

“ನರ್ಸಮ್ಮ, ನಿಮ್ಮ ಯಜಮಾನ್ರದು ಹೊಲಿಗಿ ಮಷಿನ್ನು ಅಲ್ಲೇನು? ಹೋದ ಸಲಾನೂ ಅದಕ್ಕ ಹಾಕಿದ್ವಿ.”

ಹತ್ತು ಮಾರು ದೂರದಲ್ಲಿ ಪೊಲೀಸಿನವನು ನಿಂತಿದ್ದ. ಸುಮಂಗಲಾ ಅವನನ್ನು ನೋಡಿದರು, ಮುದುಕಿಯನ್ನು ನೋಡಿದರು.

“ನಂಗೇನು ಗೊತ್ತಿಲ್ಲಬೇ. ನಿಮಗ ತಿಳಿದಂಗ ಮಾಡ್ರಿ.”

“ಗೊತ್ತೈತಿ ಬಿಡ್ರಿ, ನೀವು ಹೇಳಂಗಿಲ್ಲ” ಎಂದು ನಕ್ಕು ಪಕ್ಕೀರಮ್ಮ ಮುಂದೆ ಹೋದಳು. ಉಳಿದವರೂ ನಗುತ್ತ ಹಿಂಬಾಲಿಸಿದರು.

ಎಣಿಕೆಯಾದಾಗ ಫ್ಯಾನಿಗೆ ಸಾವಿರದ ಮೇಲೆ ಕೆಲವು ಮತ. ಒಂದು ಹಳ್ಳಿಗೂ ಕಾಲಿಡದ ಹುಲುಗಣ್ಣನ ಹೊಲಿಗೆ ಯಂತ್ರಕ್ಕೆ ಎರಡು ಸಾವಿರದ ಎಂಟುನೂರು. ಮನೆಗೆ ಬಂದ ಭೀಮರಾಜರು ಅಂಗಿ ಕಳಚುತ್ತ, “ಜನ ನನಗಾ ಹಾಕ್ಯಾರ ನೋಡು. ನನಗ ಮುಟ್ಟಿಲ್ಲ ಅಷ್ಟ” ಅಂದರು. ನಗಲು ನೋಡಿದರು. ಆಗ ಸುಮಂಗಲಾ ಪಕ್ಕೀರಮ್ಮನ ವಿಷಯ ಹೇಳಿದರು. ಹೇಳದೆ ಇರಬಹುದಿತ್ತು, ಆಕೆಗೆ ಇರಲಾಗಲಿಲ್ಲ.

“ಒಂದು ಮಾತು ಅಂದಿದ್ರ ಆಗ್ತಿತ್ತು ನೋಡ್ರಿ. ನನ್ನ ಬಾಯಿ ಕಟ್ಟಿತು.”

ಭೀಮರಾಜರು ಅಂಗಿಯನ್ನು ಗೂಟಕ್ಕೆ ಹಾಕಿದರು. “ಇರ್ಲಿ. ನೌಕರಿ ಉಳೀತಲ್ಲ” ಅಂದರು.

ಬಯ್ದಿದ್ದರೆ ಚೆನ್ನಾಗಿತ್ತು ಎಂದು ಸುಮಂಗಲಾ ಎಷ್ಟೋ ಸಲ ಅಂದುಕೊಂಡರು. ಅಂದಿನಿಂದ ಆ ಮನೆಯಲ್ಲಿ ಚುನಾವಣೆಯ ಮಾತು ನಿಂತಿತು. ಬರಬರುತ್ತ ಬೇರೆ ಮಾತೂ ಕಡಿಮೆಯಾಯಿತು. ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ತಟ್ಟೆ ಹಾಕಿಕೊಳ್ಳುವುದು ರೂಢಿಯಾಯಿತು. ಮುಂದಿನ ಪುರಸಭೆ ಚುನಾವಣೆಗೆ ಕೇರಿಯವರು ಬೇರೆಯವರನ್ನು ನಿಲ್ಲಿಸಿದರು. ಭೀಮರಾಜರನ್ನು ಕೇಳಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಹರಪನಹಳ್ಳಿ ಸಾಮಾನ್ಯ ಕ್ಷೇತ್ರವಾಯಿತು. ಮೀಸಲಾತಿ ಹೂವಿನಹಡಗಲಿಗೆ ಹೋಯಿತು. ಒಂದು ಬೆಳಿಗ್ಗೆ ಭೀಮರಾಜರು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿದರು.

“ಹಡಗಲಿಗಿ ಹೋಗ್ತೀನಿ. ಅಲ್ಲಿ ನಿಲ್ತೀನಿ.”

“ಅಲ್ಲಿ ನಿಮಗ ಯಾರು ಗೊತ್ತದಾರ?”

“ಯಾರೂ ಇಲ್ಲ.”

“ಮತ್ತ?”

“ಇಲ್ಲಿ ಎಲ್ಲಾರೂ ಗೊತ್ತಿದ್ರಲ್ಲ” ಎಂದು ಚಪ್ಪಲಿ ಮೆಟ್ಟಿದರು.

ಹಡಗಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಲಾಡ್ಜಿನ ಸಣ್ಣ ಕೋಣೆ ಹಿಡಿದರು. ಈ ಸಲ ಆಟೋ ಇಲ್ಲ, ಮೈಕಿಲ್ಲ. ಗುರುತು ತೆಂಗಿನಕಾಯಿ. ಕರಪತ್ರದ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಇಳಿದಲ್ಲಿ ಹಂಚಿ, ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಕೈಗೆ ಕೊಟ್ಟ ಕರಪತ್ರವನ್ನು ಜನ ಮಡಚಿ ಬೀಸಣಿಗೆ ಮಾಡಿಕೊಳ್ಳುತ್ತಿದ್ದರು. ಸಂಜೆ ಖಾನಾವಳಿಯಲ್ಲಿ ಉಣ್ಣುವಾಗ ಪಕ್ಕದವರು ಚುನಾವಣೆಯನ್ನೇ ಮಾತಾಡುತ್ತಿದ್ದರೂ ಅವರಲ್ಲಿ ಯಾರಿಗೂ ಇವರೂ ಒಬ್ಬ ಅಭ್ಯರ್ಥಿಯೆಂದು ಗೊತ್ತಿರುತ್ತಿರಲಿಲ್ಲ.

ಒಂದು ದಿನ ಹೊತ್ತು ಹುಟ್ಟುವ ಮುಂಚೆ ಮಲ್ಲಿಗೆ ತೋಟವೊಂದಕ್ಕೆ ಹೋದರು. ಮೊಗ್ಗು ಬಿಡಿಸುತ್ತಿದ್ದ ಹೆಂಗಸರು ತಿರುಗಿ ನೋಡಲಿಲ್ಲ.

“ಬಿಸ್ಲು ಬಂದ್ರ ಮಗ್ಗಿ ಅರಳ್ತಾವು. ನೀ ಮಾತಾಡಪ್ಪ, ನಾವು ಬಿಡಿಸ್ತಿರ್ತೀವಿ” ಅಂದಳು ಕರಿಯಕ್ಕ ಎಂಬ ವಯಸ್ಸಾದ ಆಳು.

ಭೀಮರಾಜರು ಅವರ ಬೆನ್ನುಗಳಿಗೆ ಭಾಷಣ ಮಾಡಿದರು. ನಲ್ಲಿ ತಂದದ್ದು ಹೇಳಿದರು, ಅರ್ಜಿ ಬರೆದದ್ದು ಹೇಳಿದರು. ಮುಗಿದ ಮೇಲೆ ಏನು ಮಾಡಬೇಕೋ ತಿಳಿಯದೆ ತಾವೂ ಒಂದು ಸಾಲು ಹಿಡಿದು ಮೊಗ್ಗು ಬಿಡಿಸತೊಡಗಿದರು. ಕರಿಯಕ್ಕ ಸ್ವಲ್ಪ ಹೊತ್ತು ನೋಡಿ, “ಹೇಣ್ತಿ ಬಂದಿಲ್ಲೇನು?” ಎಂದು ಕೇಳಿದಳು.

“ಆಕಿ ನೌಕರಿ ಮಾಡ್ತಾಳ. ಬರಂಗಿಲ್ಲ.”

“ಒಬ್ಬನಾ ತಿರುಗಾಕ ಹತ್ತೀಯೇನು? ಊಟ ಎಲ್ಲಿ?” ಎಂದು ಕೇಳಿ, ಬುತ್ತಿಯೊಳಗಿನ ಒಂದು ರೊಟ್ಟಿ, ಶೇಂಗಾ ಚಟ್ನಿ ಅವರ ಕೈಗಿಟ್ಟಳು. ಆ ಇಪ್ಪತ್ತು ದಿನಗಳಲ್ಲಿ ಅವರನ್ನು ಯಾರಾದರೂ ಊಟ ಕೇಳಿದ್ದು ಅದೊಂದೇ ಸಲ.

ಮತದಾನದ ದಿನ ತಮಗೆ ತಾವೇ ಮತ ಹಾಕಿಕೊಳ್ಳುವ ಹಾಗೂ ಇರಲಿಲ್ಲ. ಅವರ ಓಟು ಇದ್ದದ್ದು ಹರಪನಹಳ್ಳಿಯಲ್ಲಿ. ಹೋಗಿ ಹಾಕಿ ಬರೋಣವೆಂದು ಬಸ್‌ಸ್ಟ್ಯಾಂಡಿಗೆ ಬಂದರೆ ಬಸ್ಸುಗಳೆಲ್ಲ ಚುನಾವಣಾ ಕೆಲಸಕ್ಕೆ ಹೋಗಿದ್ದವು. ಒಂದು ಮತಗಟ್ಟೆಯೊಳಗೆ ಹೋಗಿ ನಿಂತರು. ಅಧಿಕಾರಿ “ಯಾರ್ರೀ ನೀವು?” ಎಂದು ಗದರಿಸಿದ. ಗುರುತಿನ ಚೀಟಿ ತೋರಿಸಿದ ಮೇಲೆ ಪಟ್ಟಿ ನೋಡಿ, “ಓ, ಕ್ಯಾಂಡಿಡೇಟೇನ್ರಿ” ಎಂದು ಕುರ್ಚಿ ಕೊಟ್ಟ.

ಬಂದ ಮತ ಐನೂರ ಎಂಬತ್ತೇಳು.

ಊರಿಗೆ ಬಂದ ದಿನ ಸುಮಂಗಲಾ ಉಣ್ಣದೆ ಕಾದಿದ್ದರು. ನಾಲ್ಕು ವರ್ಷದ ಮೇಲೆ ಇಬ್ಬರೂ ಎದುರು ಬದುರು ಕುಳಿತರು. ಆಕೆ ಅನ್ನ ಬಡಿಸುತ್ತ, “ಮುಂದಿನ ಸಲಕ್ಕ ನನಗ ರಿಟೈರ್ ಆಗಿರ್ತೈತ್ರಿ. ಯಾರ ಅಂಜಿಕಿನೂ ಇಲ್ಲ. ನಾನೂ ಬರ್ತೀನಿ. ಮನಿ ಮನಿಗಿ ಹೋಗೋಣು” ಅಂದರು.

“ಮುಂದಿನ ಸಲ ಇಲ್ಲ, ಸುಮಂಗಲಾ.”

ಗಂಡ ಇನ್ನೇನಾದರೂ ಹೇಳಿಯಾರೆಂದು ಸುಮಂಗಲಾ ಕಾದರು. ಭೀಮರಾಜರು ಸಾರು ಕಲಸಿಕೊಂಡರು.

ಮರುವರ್ಷ ನೀಲಗುಂದದಲ್ಲಿ ನರ್ಸಮ್ಮನಿಗೆ ಬೀಳ್ಕೊಡುಗೆ ಮಾಡಿದರು. ಹೆಂಗಸರು ಒಬ್ಬರ ಮೇಲೊಬ್ಬರು ಬಂದು ಹಾರ ಹಾಕಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಭೀಮರಾಜರನ್ನು ‘ಯಜಮಾನ್ರು ಎರಡು ಮಾತಾಡ್ಲಿ’ ಎಂದು ಮುಂದೆ ಕರೆದು ಮೈಕು ಕೊಟ್ಟರು. ಅವರು ‘ತಾಯಂದಿರೇ’ ಅಂದರು. ಕೈ ಮುಗಿದು ಇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಹೆಂಡತಿಯನ್ನು ಅದರಲ್ಲಿ ಕೂರಿಸಿ, ಹಾರಗಳ ಚೀಲ ಹಿಡಿದು, ಹರಪನಹಳ್ಳಿಯವರೆಗೂ ಅವರು ನಿಂತೇ ಬಂದರು.